ಗಾಲಿಮನೆಯ ಗೃಹಕೃತ್ಯ

ಉದ್ಯೋಗನಿಮಿತ್ತವಾಗಿ ಇಂಗ್ಲೆಂಡಿನ ಉತ್ತರಭಾಗದಲ್ಲಿ ನೆಲಸಿರುವ ನಮ್ಮ ಕನ್ನಡ ಮಿತ್ರರೊಬ್ಬರು ಎರಡು ವರ್ಷಗಳ ಹಿಂದೆ ಒಂದು ಹಳೆಯ ಕ್ಯಾರವಾನನ್ನು ಕೊಂಡುಕೊಂಡರು. ಮೋಟಾರಿನ ಹಿಂದೆ ಕಟ್ಟಿ ಎಳೆದೊಯ್ಯತಕ್ಕ, ನಾಲ್ವರು ಮಲಗಲು ಎಡೆಯುಳ್ಳ, ಒಲೆ, ಫ್ರಿಜ್ಜು, ಶೌಚಗೃಹಗಳನ್ನೊಳಗೊಂಡ ಚಿಕ್ಕದೊಂದು ಗಾಲಿಮನೆಯದು. ದಂಪತಿಗಳಿಬ್ಬರೂ ದುಡಿಯುವವರು, ಇಬ್ಬರು ಮಕ್ಕಳು, ಬೇಸಗೆಯ ರಜೆಯಲ್ಲಿ ಕಡಲತೀರದ ಹೋಟೆಲುಗಳು ಕೇಳುವ ಬಾಡಿಗೆಯನ್ನು ಕಂಡು ಬೆದರಿದವರು. ಸ್ವಂತ ಗಾಲಿಮನೆಯಿದ್ದರೆ ರಜೆಯು ಅಗ್ಗವಾಗುವುದೆಂಬ ನಂಬಿಕೆಯಿಂದ ಕೂಡಿಟ್ಟಿದ್ದ ಹಣವನ್ನೆಲ್ಲ ಅದರಲ್ಲಿ ತೊಡಗಿಸಿದರು. ಜೂನ್ ತಿಂಗಳ ಒಂದು ಬಿಸಿಲ ಮಧ್ಯಾಹ್ನ ಗಾಡಿಯನ್ನು ನೋಡಿದರು, ಮೆಚ್ಚಿದರು, ಬೆಲೆಯೂ ಸುಲಭವೆಂದು ತೋರಿತು. ನವೆಂಬರಿನಲ್ಲಿ ಬಾಗಿಲು ತೆರೆದಾಗ ಮಳೆಗಾಲದ ಉಗ್ರಾಣದ ಮುಗ್ಗಲು ವಾಸನೆ ಮೂಗಿಗೆ ಬಡಿಯಿತು. ಮುಂಭಾಗದ ಮೂಲೆಯಲ್ಲಿ ಹಿಮ್ಮಡಿಯೂರಿದರೆ ನೆಲವು ಮೆತ್ತಗೆ ತಗ್ಗುತ್ತಿತ್ತು. ದುರಸ್ತಿಗಾರನು ಒಳಗೋಡೆಯ ಹಲಗೆಯೊಂದನ್ನು ಬಿಚ್ಚಿ ತೋರಿಸಿದನು. ಮರದ ಚೌಕಟ್ಟು ಬೆರಳಿನಿಂದ ಹಿಸುಕಿದರೆ ನಸ್ಯದಂತೆ ಉದುರುತ್ತಿತ್ತು. ಅದನ್ನು ಸರಿಪಡಿಸಲು ಅವನು ಹೇಳಿದ ಮೊತ್ತವು ಗಾಡಿಯ ಬೆಲೆಯನ್ನೇ ಮೀರಿತ್ತು.

ರಜೆಯಲ್ಲಿ ಹಣವುಳಿಸುವ ಉಪಾಯಗಳನ್ನು ಹತ್ತು ಮಂದಿ ಹತ್ತು ವಿಧವಾಗಿ ಹೇಳಿದರಂತೆ; ಈ ಮಾತನ್ನು ಮಾತ್ರ ಯಾರೂ ಹೇಳಲಿಲ್ಲವೆಂದು ಅವರು ನಮಗೆ ಬರೆದ ಪತ್ರದಲ್ಲಿ ಕೊರಗಿದ್ದಾರೆ. ಆ ಕೊರಗು ನ್ಯಾಯವಾದುದೆಂದೇ ನಮ್ಮ ಅಭಿಪ್ರಾಯ. ವೈದ್ಯರಾಗಿಯೂ ದಾದಿಯರಾಗಿಯೂ ಗಣಕಯಂತ್ರದ ನಿಪುಣರಾಗಿಯೂ ಬ್ರಿಟನ್ನಿಗೆ ಹೋಗಿ ಸಂಸಾರ ಹೂಡಿರುವ ಕನ್ನಡಿಗರು ಈಗ ಅನೇಕರಿದ್ದಾರೆ. ಅವರಲ್ಲಿ ಯಾರಾದರೂ ಇಂಥದೊಂದು ಗಾಲಿಮನೆಯ ಆಸೆಯಲ್ಲಿದ್ದರೆ, ಅಥವಾ ಅವರ ಬಂಧುಗಳು ನಮ್ಮ ವಾಚಕರಲ್ಲಿದ್ದರೆ, ಈ ಕೆಲವು ಮಾತುಗಳು ಪ್ರಯೋಜನಕ್ಕೆ ಬಂದಾವು. ಮುಖ್ಯಾಂಶವನ್ನು ಮೊದಲೇ ಹೇಳಿಬಿಡುವುದು ಮೇಲು. ಕ್ಯಾರವಾನಿನಲ್ಲಿ ಹಣವು ಉಳಿಯುವುದು ಪ್ರವಾಸದ ಹದಿನೈದು ದಿನಗಳಲ್ಲಲ್ಲ. ಅದು ಅಂಗಳದಲ್ಲಿ ಸುಮ್ಮನೆ ನಿಂತಿರುವ ಉಳಿದ ಹನ್ನೊಂದೂವರೆ ತಿಂಗಳುಗಳಲ್ಲಿ.

ಈ ವಿನೋದವು ಹುಟ್ಟಿದಾಗ ಮಿತವ್ಯಯಕ್ಕೂ ಅದಕ್ಕೂ ಯಾವ ಸಂಬಂಧವೂ ಇರಲಿಲ್ಲ. ಬ್ರಿಟಿಷ್ ನೌಕಾಸೇನೆಯ ನಿವೃತ್ತ ವೈದ್ಯನೂ ಬಾಲಕರ ಸಾಹಸಕಥೆಗಳ ಲೇಖಕನೂ ಆದ ಗಾರ್ಡನ್ ಸ್ಟೇಬಲ್ಸ್ ಎಂಬಾತನು 1885ರಲ್ಲಿ ಬ್ರಿಸ್ಟಲಿನ ಗಾಡಿ ಕಾರ್ಖಾನೆಯೊಂದರಲ್ಲಿ 'ವಾಂಡರರ್' ಎಂಬ ಮರದ ಗಾಲಿಮನೆಯನ್ನು ಮಾಡಿಸಿ, ಎರಡು ಕುದುರೆಗಳನ್ನು ಹೂಡಿ, ಸ್ಕಾಟ್ಲೆಂಡಿನ ಇನ್ವರ್ನೆಸ್‌ವರೆಗೆ ಸಂಚರಿಸಿದನು. ರೋಮಾನಿ ಜನರು ಹೊಟ್ಟೆಪಾಡಿಗಾಗಿ ವಾಸಿಸುತ್ತಿದ್ದ ಗಾಡಿಗಳ ಮಾದರಿಯನ್ನೇ ಅವನು ಸಂತೋಷಕ್ಕಾಗಿ ಬಳಸಿಕೊಂಡುದು. 1907ರಲ್ಲಿ ಇಂಥ ಉಳ್ಳವರು ಸೇರಿ ಕ್ಯಾರವಾನ್ ಕ್ಲಬ್ಬನ್ನು ಸ್ಥಾಪಿಸಿದರು. ಮೊದಲನೆಯ ಮಹಾಯುದ್ಧವು ಮುಗಿದ ಬಳಿಕ, 1919ರಿಂದ, ಎಕ್ಲೆಸ್ ಸಂಸ್ಥೆಯವರು ಮೋಟಾರು ಎಳೆಯತಕ್ಕ ಕ್ಯಾರವಾನುಗಳನ್ನು ಮಾರಾಟಕ್ಕಾಗಿ ತಯಾರಿಸತೊಡಗಿದರು. ಅನಂತರವೇ ಇದು ಕ್ರಮವಾಗಿ ಗುಮಾಸ್ತರ, ಉಪಾಧ್ಯಾಯರ, ಕಾರ್ಖಾನೆಯ ಕೆಲಸಗಾರರ ಕೈಗೆ ಎಟುಕಿತು. ಎಟುಕಿದ್ದು ಕೈಯಲ್ಲಿ ನಿಲ್ಲಬೇಕಾದರೆ ಗಾಡಿಯ ಒಳರಚನೆಯನ್ನು ತಿಳಿದಿರುವುದು ಅವಶ್ಯ.

ಹೊರಗಿನಿಂದ ನೋಡುವವರಿಗೆ ಕ್ಯಾರವಾನು ಲೋಹದ ಪೆಟ್ಟಿಗೆಯಂತೆ ಕಾಣುತ್ತದೆ. ವಸ್ತುತಃ ಬಹುಕಾಲ ಅದನ್ನು ಕಟ್ಟುತ್ತ ಬಂದ ಕ್ರಮವೇ ಬೇರೆ. ತೆಳುವಾದ ಮರದ ಪಟ್ಟಿಗಳ ಚೌಕಟ್ಟು. ಒಳಗೆ ಪ್ಲೈವುಡ್ಡಿನ ಹಲಗೆ. ಹೊರಗೆ ಅಲ್ಯುಮಿನಿಯಂ ತಗಡು. ನಡುವೆ ಚಳಿಯನ್ನು ತಡೆಯುವ ಹಗುರವಾದ ಬೆಂಡು. ಗೋಡೆಯೂ ಮಾಡೂ ಕೂಡುವ ಅಂಚುಗಳಲ್ಲಿ ಜಿಗಟಾದ ಒಂದು ಮೇಣವನ್ನು ಮೆತ್ತಿ, ಮೇಲೆ ಲೋಹದ ಪಟ್ಟಿಯಿಟ್ಟು ತಿರುಪುಗಳಿಂದ ಬಿಗಿದಿರುತ್ತಾರೆ. ಗಾಡಿಯನ್ನು ಕಾಯುವುದು ತಗಡಲ್ಲ; ಈ ಮೇಣ. ವರ್ಷಗಳು ಕಳೆದಂತೆ ಅದು ಒಣಗುತ್ತದೆ; ದಾರಿಯ ಕುಲುಕಾಟದಿಂದ ಬಿರುಕು ಬಿಡುತ್ತದೆ; ತಿರುಪಿನ ರಂಧ್ರದ ಮೂಲಕ ಮಳೆನೀರು ಹನಿಹನಿಯಾಗಿ ಒಳಸೇರುತ್ತದೆ. ಒಳಸೇರಿದ ನೀರಿಗೆ ಹೊರಡುವ ದಾರಿಯಿಲ್ಲ. ಎರಡು ಹಲಗೆಗಳ ನಡುವೆ ಸಿಕ್ಕಿಕೊಂಡು, ಕೆಳಗಿಳಿದು, ಮರವನ್ನು ಕೊಳೆಸುತ್ತದೆ. ಒಳಗಿನ ಬಣ್ಣದ ಕಾಗದದ ಮೇಲೆ ಕಲೆ ಕಾಣಿಸಿಕೊಳ್ಳುವ ಹೊತ್ತಿಗೆ ಕೊಳೆತವು ಎಷ್ಟೋ ದೂರ ಸಾಗಿರುತ್ತದೆ. ಮಲೆನಾಡಿನಲ್ಲಿ ಹೆಂಚೊಂದು ಜರುಗಿದ್ದನ್ನು ಒಂದು ಮಳೆಗಾಲ ಅಲಕ್ಷ್ಯ ಮಾಡಿ, ಮರುವರ್ಷ ತೊಲೆಯನ್ನೇ ಬದಲಾಯಿಸಬೇಕಾದವರಿಗೆ ಇದನ್ನು ವಿವರಿಸಬೇಕಾದುದಿಲ್ಲ. ಈಚೆಗೆ ಮರವಿಲ್ಲದ ಚೌಕಟ್ಟಿನ ಗಾಡಿಗಳೂ ಬಂದಿವೆ. ಆದರೆ ಕಡಿಮೆ ಬೆಲೆಗೆ ಸಿಕ್ಕುವ ಹಳೆಯ ಗಾಡಿಗಳಲ್ಲಿ ಬಹುಪಾಲು ಮರದವೇ.

ಇದಕ್ಕೆ ಮದ್ದು ಅಗ್ಗವಾದುದು. ವರ್ಷಕ್ಕೊಮ್ಮೆ ತೇವವನ್ನು ಅಳೆಯಿಸಬೇಕು. ಮುಳ್ಳುಗಳುಳ್ಳ ಚಿಕ್ಕದೊಂದು ತೇವಮಾಪಕವನ್ನು ಕೊಂಡರೆ ಮನೆಯವರೇ ಅಳೆಯಬಹುದು. ಕಿಟಕಿಗಳ ಕೆಳಗೂ ಮೂಲೆಗಳಲ್ಲೂ ಕಪಾಟುಗಳ ಹಿಂದೆಯೂ ಶೇಕಡ 15ಕ್ಕಿಂತ ಕಡಿಮೆಯಿದ್ದರೆ ಚಿಂತೆಯಿಲ್ಲ. 20ನ್ನು ದಾಟಿದರೆ ನೀರು ಎಲ್ಲಿಂದ ಬರುತ್ತಿದೆಯೆಂದು ಹುಡುಕಬೇಕು. 30ನ್ನು ಮೀರಿದಲ್ಲಿ ಮರವು ಕೊಳೆಯುತ್ತಿದೆಯೆಂದೇ ತಿಳಿಯಬೇಕು. ಸಂಖ್ಯೆಗಿಂತಲೂ ಅದರ ಏರಿಕೆಯು ಮುಖ್ಯ. ಆದುದರಿಂದ ಗಾಡಿಯ ನಕ್ಷೆಯೊಂದನ್ನು ಬರೆದುಕೊಂಡು ಪ್ರತಿವರ್ಷವೂ ಅದೇ ಸ್ಥಳಗಳ ಅಳತೆಯನ್ನು ಗುರುತಿಸುತ್ತ ಹೋಗುವುದು ಒಳ್ಳೆಯ ಪದ್ಧತಿ. ಮೇಣವು ಒಣಗಿದ ಕಡೆ ಪಟ್ಟಿಯನ್ನು ಬಿಚ್ಚಿ, ಹಳೆಯದನ್ನು ಪೂರ್ತಿಯಾಗಿ ಕೆರೆದು ತೆಗೆದು, ಆ ಕೆಲಸಕ್ಕೆಂದೇ ಮಾಡಿದ ಬ್ಯುಟೈಲ್ ಮೇಣದ ಪಟ್ಟಿಯನ್ನು ಕೂರಿಸತಕ್ಕದ್ದು. ಮೇಲಿನಿಂದ ಸ್ನಾನಗೃಹದ ಸಿಲಿಕೋನನ್ನು ಬಳಿದು ಕೈತೊಳೆದುಕೊಳ್ಳುವವರು ಅನೇಕರು. ಅದು ಕೆಲವು ಕಾಲ ಸೋರಿಕೆಯನ್ನು ಮರೆಮಾಡುತ್ತದೆಯೇ ಹೊರತು ನಿಲ್ಲಿಸುವುದಿಲ್ಲ. ಮುಂದೆ ಅಲ್ಲಿ ಬೇರಾವ ಮೇಣವೂ ನೆಟ್ಟಗೆ ಹಿಡಿಯುವುದೂ ಇಲ್ಲ. ಗಾಡಿಯನ್ನು ತೊಳೆಯಲು ನೀರನ್ನು ಬಿರುಸಾಗಿ ಚಿಮ್ಮಿಸುವ ಯಂತ್ರವನ್ನು ಸಂದುಗಳ ಮೇಲೆ ಹಿಡಿಯುವುದಂತೂ ಹಣಕೊಟ್ಟು ಸೋರಿಕೆಯನ್ನು ಕೊಂಡಂತೆ. ಉದ್ದಹಿಡಿಯ ಕುಂಚವೂ ಬಕೆಟ್ಟಿನ ನೀರೂ ಸಾಕು.

ಕೊಳ್ಳುವ ಕಾಲವೇ ಎಲ್ಲಕ್ಕಿಂತ ದೊಡ್ಡ ಉಳಿತಾಯದ ಕಾಲ. ಹೊಸ ಗಾಡಿಯು ಮೊದಲ ಕೆಲವು ವರ್ಷಗಳಲ್ಲಿಯೇ ಹೆಚ್ಚು ಬೆಲೆ ಕಳೆದುಕೊಳ್ಳುವುದರಿಂದ ಆ ನಷ್ಟವನ್ನು ಮೊದಲ ಒಡೆಯನಿಗೆ ಬಿಟ್ಟು, ಚೆನ್ನಾಗಿ ನೋಡಿಕೊಂಡಿರುವ ಹಳೆಯದನ್ನು ಆರಿಸುವುದು ಜಾಣತನ. ಆದರೆ ಮಳೆ ಸುರಿದ ಮರುದಿನ ಹೋಗಿ ನೋಡಬೇಕು. ಮೊದಲು ಮೂಗಿನಿಂದ ಪರೀಕ್ಷಿಸಬೇಕು. ಸುಗಂಧದ ಸಿಂಪಡಿಕೆ ಹೆಚ್ಚಾಗಿದ್ದರೆ ಸಂಶಯವೂ ಹೆಚ್ಚಾಗಲಿ. ಆಸನಗಳ ಕೆಳಗಿನ ಪೆಟ್ಟಿಗೆಗಳನ್ನು ತೆರೆದು ಮೂಲೆಗಳನ್ನು ಕೈಯಿಂದ ಒತ್ತಿ ನೋಡಬೇಕು. ಪ್ರತಿವರ್ಷದ ಪರೀಕ್ಷೆಯ ಪತ್ರಗಳನ್ನು ಕೇಳಬೇಕು. 1992ರಿಂದೀಚೆಗೆ ಬ್ರಿಟನ್ನಿನಲ್ಲಿ ಕ್ಯಾರವಾನುಗಳ ನೋಂದಣಿಯ ಪದ್ಧತಿಯೊಂದು ನಡೆದುಬಂದಿದೆ. ಕಿಟಕಿಯ ಮೇಲೆ ಕೆತ್ತಿದ ಸಂಖ್ಯೆಯೂ ಪತ್ರದ ಸಂಖ್ಯೆಯೂ ಒಂದೇ ಆಗಿರದಿದ್ದರೆ ಮಾತನ್ನು ಅಲ್ಲಿಗೇ ನಿಲ್ಲಿಸಬೇಕು. ಆ ದೇಶದಲ್ಲಿ ಮೋಟಾರಿಗೆ ವರ್ಷವರ್ಷವೂ ಸರಕಾರದ ಪರೀಕ್ಷೆ ಕಡ್ಡಾಯವಾಗಿದ್ದರೂ ಮನೆಮಂದಿ ಉಪಯೋಗಿಸುವ ಇಂಥ ಕ್ಯಾರವಾನಿಗೆ ಅದು ಇಲ್ಲ. ಇದನ್ನು ಕೆಲವರು ಲಾಭವೆಂದು ಎಣಿಸುತ್ತಾರೆ. ಬ್ರೇಕು, ದೀಪ, ಗಾಲಿಗಳ ಹೊಣೆಯೆಲ್ಲ ಒಡೆಯನ ಮನಸ್ಸಾಕ್ಷಿಗೆ ಬಿಟ್ಟಿದೆಯೆಂದೇ ಇದರ ಅರ್ಥ.

ತೇವದ ತರುವಾಯ ಎರಡನೆಯ ಶತ್ರು ಹಿಮ. ನೀರು ಹೆಪ್ಪುಗಟ್ಟಿದಾಗ ಅದರ ಗಾತ್ರವು ಸುಮಾರು ಶೇಕಡ 9ರಷ್ಟು ಹಿಗ್ಗುತ್ತದೆ. ಕೊಳವೆಯಲ್ಲಿಯೋ ಪಂಪಿನಲ್ಲಿಯೋ ಬಿಸಿನೀರಿನ ಹಂಡೆಯಲ್ಲಿಯೋ ಉಳಿದ ಒಂದು ಲೋಟ ನೀರು ಒಂದೇ ರಾತ್ರಿಯಲ್ಲಿ ಅದನ್ನು ಸೀಳಬಲ್ಲುದು. ಅಕ್ಟೋಬರಿನ ಕೊನೆಯೊಳಗೆ ನೀರನ್ನೆಲ್ಲ ಬಸಿದು, ನಲ್ಲಿಗಳನ್ನು ತೆರೆದೇ ಇಡಬೇಕು. ಬಿಸಿ ತಣ್ಣೀರುಗಳಿಗೆ ಒಂದೇ ಹಿಡಿಯಿರುವ ನಲ್ಲಿಯಾದರೆ ಹಿಡಿಯನ್ನು ನಡುವಣ ಸ್ಥಾನದಲ್ಲಿ ಎತ್ತಿ ಬಿಡಬೇಕು. ಈ ಕೆಲಸಕ್ಕೆ ಅರ್ಧ ಗಂಟೆ ಬೇಕು. ಖರ್ಚು ಒಂದು ಪೆನ್ನಿಯೂ ಇಲ್ಲ. ನೀರನ್ನು ಬಸಿಯದೆ ಆದ ನಷ್ಟವನ್ನು ಅನೇಕ ವಿಮಾ ಪತ್ರಗಳು ತುಂಬಿಕೊಡುವುದಿಲ್ಲವೆಂಬುದನ್ನು ಸಣ್ಣ ಅಕ್ಷರಗಳಲ್ಲಿ ಓದಿ ತಿಳಿಯುವುದು ಮೇಲು. ಫ್ರಿಜ್ಜಿನ ಬಾಗಿಲನ್ನು ತುಸು ತೆರೆದಿಡಬೇಕು. ದಿಂಬು ಹಾಸಿಗೆಗಳನ್ನು ಮನೆಗೆ ತರಬೇಕು, ಇಲ್ಲವೇ ಗೋಡೆಗೆ ತಾಗದಂತೆ ನೆಟ್ಟಗೆ ನಿಲ್ಲಿಸಬೇಕು. ಕಾಳುಕಡ್ಡಿ ಒಂದೂ ಉಳಿಯಬಾರದು, ಇಲಿಗಳಿಗೆ ಮೆತ್ತನೆಯ ಮನೆಯೆಂದರೆ ಬಹಳ ಇಷ್ಟ. ಬ್ಯಾಟರಿಯನ್ನು ಬರಿದಾಗಲು ಬಿಟ್ಟರೆ ಅದೂ ಹೆಪ್ಪುಗಟ್ಟಿ ಕೆಡುತ್ತದೆ. ಬಹುಕಾಲ ನಿಲ್ಲಿಸುವಾಗ ಗಾಲಿಗಳಿಗೆ ಬಲವಾದ ಒರಗುಗಳನ್ನಿಟ್ಟು ಕೈಬ್ರೇಕನ್ನು ಸಡಿಲಿಸಬೇಕು. ಎಳೆದೇ ಇಟ್ಟರೆ ಒಳಗೆ ತುಕ್ಕುಹಿಡಿದು ಕಚ್ಚಿಕೊಳ್ಳುತ್ತದೆ. ಗಾಡಿಯ ಮೇಲೆ ಪ್ಲಾಸ್ಟಿಕ್ ತಾಡಪತ್ರಿಯನ್ನು ಬಿಗಿದು ನಿಶ್ಚಿಂತರಾಗುವವರಿದ್ದಾರೆ. ಅದು ಒಳಗಿನ ಬೆವರನ್ನು ಹೊರಬಿಡದೆ ಕೊಳೆತಕ್ಕೆ ನೆರವಾಗುತ್ತದೆ. ಗಾಳಿಯಾಡುವ ಬಟ್ಟೆಯ ಹೊದಿಕೆಯನ್ನು ಕೊಳ್ಳಬೇಕು, ಇಲ್ಲವಾದರೆ ಹೊದಿಕೆಯೇ ಬೇಡ.

ಇನ್ನು ದಾರಿಯ ಮಾತು. ಗಾಡಿಯನ್ನೆಳೆಯುವ ಮೋಟಾರಿಗೆ ಆ ದೇಶದಲ್ಲಿ ಸಾಧಾರಣ ರಸ್ತೆಯಲ್ಲಿ ಗಂಟೆಗೆ 50 ಮೈಲಿ, ಇಬ್ಭಾಗವಾದ ಹೆದ್ದಾರಿಗಳಲ್ಲಿಯೂ ಮೋಟಾರುಮಾರ್ಗಗಳಲ್ಲಿಯೂ 60 ಮೈಲಿ ಪರಮಾವಧಿ. ಅನುಮತಿಯಿದೆಯೆಂದು 60ರಲ್ಲಿಯೇ ಓಡಿಸಬೇಕೆಂದಿಲ್ಲ. ಗಾಳಿಯ ತಡೆಯು ವೇಗದ ವರ್ಗದಂತೆ ಏರುವುದರಿಂದ 50ರಿಂದ 60ಕ್ಕೆ ಹೋದಾಗ ಆ ತಡೆಯು ಶೇಕಡ 44ರಷ್ಟು ಹೆಚ್ಚುತ್ತದೆ. ಕ್ಯಾರವಾನಿನ ಅಗಲವಾದ ಮುಖದ ಮೇಲೆ ಬೀಳುವ ಆ ಒತ್ತಡಕ್ಕೆ ಬೆಲೆ ತೆರುವುದು ಪೆಟ್ರೋಲು. ಮೋಟಾರುಮಾರ್ಗದ ಪಕ್ಕದ ತಂಗುದಾಣಗಳಲ್ಲಿ ಪೆಟ್ರೋಲಿನ ಬೆಲೆ ಊರೊಳಗಿಗಿಂತ ಹೆಚ್ಚು. ಆದುದರಿಂದ ಹೊರಡುವ ಮುನ್ನವೇ ತುಂಬಿಕೊಳ್ಳುವುದು ಲೇಸು. ಭಾರದ ವಿಷಯದಲ್ಲಿ ನಮ್ಮವರಿಗೆ ಒಂದು ಮಾತು ವಿಶೇಷವಾಗಿ ಹೇಳಬೇಕಾಗಿದೆ. ಅಕ್ಕಿಯ ಚೀಲ, ಬೇಳೆಯ ಡಬ್ಬಿ, ಕುಕ್ಕರು, ಉಪ್ಪಿನಕಾಯಿಯ ಭರಣಿಗಳನ್ನೆಲ್ಲ ಹಿಂಭಾಗದ ಕಪಾಟಿಗೆ ತುಂಬಿ ಹೊರಟರೆ ಗಾಡಿಯು ಹೆದ್ದಾರಿಯಲ್ಲಿ ಹಾವಿನಂತೆ ತೊನೆಯತೊಡಗುತ್ತದೆ. ಭಾರವಾದುದು ಅಚ್ಚಿನ ಮೇಲೆ, ನೆಲದ ಮಟ್ಟದಲ್ಲಿರಬೇಕು. ಗಾಡಿಯ ಒಟ್ಟು ತೂಕದಲ್ಲಿ ಶೇಕಡ 5ರಿಂದ 7ರಷ್ಟು ಕೊಂಡಿಯ ಮೇಲೆ ಬೀಳುವಂತಿರಬೇಕು. ಹೊಸಬರು ಮೋಟಾರಿನ ತೂಕದ ಶೇಕಡ 85ನ್ನು ಮೀರಿದ ಗಾಡಿಯನ್ನು ಎಳೆಯಬಾರದೆಂಬುದು ಅನುಭವಿಗಳ ಉಪದೇಶ. ನೀರಿನ ತೊಟ್ಟಿಯನ್ನು ಮನೆಯಲ್ಲಿಯೇ ತುಂಬಿ ಹೊರಡುವುದು ವ್ಯರ್ಥ. 40 ಲೀಟರ್ ನೀರೆಂದರೆ 40 ಕಿಲೋಗ್ರಾಂ, ತಲುಪಿದ ಸ್ಥಳದಲ್ಲಿ ನಲ್ಲಿಯಿದ್ದೇ ಇರುತ್ತದೆ.

ತಂಗುವ ಸ್ಥಳದ ಬಾಡಿಗೆಯಲ್ಲಿ ಉಳಿಸಬಹುದಾದದ್ದು ಕಡಿಮೆಯೇನಲ್ಲ. ಈಜುಕೊಳ, ನಾಟ್ಯಶಾಲೆಗಳುಳ್ಳ ದೊಡ್ಡ ಉದ್ಯಾನಗಳಿಗೆ ಹೋದರೆ ಹೋಟೆಲಿನ ಬಾಡಿಗೆಯನ್ನು ಬೇರೆ ಹೆಸರಿನಲ್ಲಿ ತೆತ್ತಂತಾಗುತ್ತದೆ. 1960ರ ಕ್ಯಾರವಾನು ಶಾಸನದಂತೆ ಮಾನ್ಯತೆ ಪಡೆದ ಕ್ಲಬ್ಬುಗಳು, ಐದು ಗಾಡಿಗಳಿಗೆ ಮಾತ್ರ ಎಡೆಯಿರುವ ಚಿಕ್ಕ ಸ್ಥಳಗಳಿಗೆ ತಾವೇ ಪ್ರಮಾಣಪತ್ರ ಕೊಡಬಹುದು. ರೈತನೊಬ್ಬನ ಹುಲ್ಲುಗಾವಲಿನ ಅಂಚಿನಲ್ಲಿ ಒಂದು ನಲ್ಲಿ, ಮಲಿನವನ್ನು ಸುರಿಯಲು ಒಂದು ಗುಂಡಿ, ಅಷ್ಟೇ. ಇಂಥವು ದೇಶದಾದ್ಯಂತ ಸಾವಿರಾರು ಇವೆ. ಸದಸ್ಯರಿಗೆ ಮಾತ್ರ ಪ್ರವೇಶ, ಬಾಡಿಗೆ ಅಗ್ಗ, ಸದಸ್ಯತ್ವದ ಶುಲ್ಕವು ಕೆಲವೇ ರಾತ್ರಿಗಳಲ್ಲಿ ಹಿಂದಿರುಗುತ್ತದೆ. ಇದೇ ಶಾಸನವು ಊರ ಗೋಮಾಳಗಳಲ್ಲಿ ಗಾಲಿಮನೆಗಳನ್ನು ನಿಲ್ಲಿಸದಂತೆ ತಡೆಯುವ ಅಧಿಕಾರವನ್ನು ಸ್ಥಳೀಯ ಮಂಡಲಿಗಳಿಗೆ ಕೊಟ್ಟು, ತಲೆತಲಾಂತರದಿಂದ ಅಲ್ಲಿ ತಂಗುತ್ತಿದ್ದ ಅಲೆಮಾರಿ ಜನರನ್ನು ಹೊರದೂಡಲು ದಾರಿಮಾಡಿತೆಂಬುದನ್ನೂ ಇಲ್ಲಿ ಸೂಚಿಸದಿದ್ದರೆ ನಮಗೆ ಸಮಾಧಾನವಿಲ್ಲ. ವಿನೋದಕ್ಕಾಗಿ ತಂಗುವವನಿಗೆ ವಿನಾಯಿತಿ ಸಿಕ್ಕಿತು. ಬದುಕಿಗಾಗಿ ತಂಗುವವನಿಗೆ ನಿಷೇಧ.

ಮಕ್ಕಳ ಶಾಲೆಗೆ ಕಟ್ಟುಬಿದ್ದವರು ಇಂಗ್ಲೆಂಡಿನಲ್ಲಿ ಆಗಸ್ಟ್ ತಿಂಗಳ ಏರುಬೆಲೆಯಿಂದ ತಪ್ಪಿಸಿಕೊಳ್ಳುವುದು ಕಷ್ಟ. ಆದರೆ ಸ್ಕಾಟ್ಲೆಂಡಿನ ಶಾಲೆಗಳು ಆಗಸ್ಟಿನ ನಡುವಿನಲ್ಲಿಯೇ ತೆರೆಯುತ್ತವೆ. ಇಂಗ್ಲೆಂಡಿನ ಕುಟುಂಬವು ಆ ತಿಂಗಳ ಕೊನೆಯ ಎರಡು ವಾರಗಳಲ್ಲಿ ಉತ್ತರಕ್ಕೆ ಹೊರಟರೆ ಜನಸಂದಣಿಯೂ ಕಡಿಮೆ. ಅಲ್ಲಿಯ ಪಶ್ಚಿಮತೀರದ ನುಸಿಗಳು ಮಾತ್ರ ಶಾಲೆಯ ಕಟ್ಟಳೆಯನ್ನು ಅರಿಯವು. ವಿದ್ಯುತ್ತಿನ ಜೋಡಣೆಯನ್ನು ತೆಗೆದುಕೊಂಡರೆ ಅದರ ಮಿತಿಯನ್ನು ಕೇಳಿಕೊಳ್ಳಬೇಕು. 10 ಆಂಪಿಯರಿನ ಜೋಡಣೆಯಲ್ಲಿ 2300 ವಾಟುಗಳಷ್ಟೇ ದೊರೆಯುವುದರಿಂದ ಮನೆಯ 3000 ವಾಟಿನ ಕೆಟಲನ್ನು ಹಚ್ಚಿದೊಡನೆ ಕತ್ತಲೆಯಾಗುತ್ತದೆ. ಜೋಡಣೆಯ ದರವು ಬಾಡಿಗೆಯಲ್ಲಿಯೇ ಸೇರಿದ್ದರೆ ಗ್ಯಾಸನ್ನು ಉಳಿಸಿ ವಿದ್ಯುತ್ತಿನಿಂದ ನೀರು ಕಾಯಿಸಬಹುದು. ಮೀಟರಿದ್ದರೆ ಲೆಕ್ಕ ತಿರುಗುತ್ತದೆ. ಗ್ಯಾಸನ್ನು ಚಿಕ್ಕ ಡಬ್ಬಿಗಳಲ್ಲಿ ಕೊಂಡಷ್ಟೂ ದುಬಾರಿ. ಬ್ಯುಟೇನ್ ಗ್ಯಾಸು ಸೊನ್ನೆ ಡಿಗ್ರಿಯ ಸುಮಾರಿಗೆ ಆವಿಯಾಗುವುದನ್ನೇ ನಿಲ್ಲಿಸುತ್ತದೆ, ಪ್ರೊಪೇನ್ ಆದರೋ ಸೊನ್ನೆಗಿಂತ 42 ಡಿಗ್ರಿ ಕೆಳಗಿನವರೆಗೂ ನಡೆಯುತ್ತದೆ. ವಸಂತದ ಶೀತದಲ್ಲಿ ಸಿಲಿಂಡರು ಬರಿದಾಯಿತೆಂದು ಭ್ರಮಿಸಿ ಇನ್ನೊಂದನ್ನು ಕೊಂಡವರಲ್ಲಿ ನಾವೂ ಒಬ್ಬರು.

ಇಷ್ಟೆಲ್ಲ ಮಿತವ್ಯಯವನ್ನು ಹೇಳಿದ ಬಳಿಕ, ಮೂರು ಕಡೆ ಅದನ್ನು ಸರ್ವಥಾ ಮಾಡಕೂಡದೆಂದು ನಿಷ್ಠುರವಾಗಿ ಹೇಳಬೇಕಾಗಿದೆ. ಏಕೆಂದರೆ ಅಲ್ಲಿ ಪಣವಾಗಿರುವುದು ಹಣವಲ್ಲ. ಮೊದಲನೆಯದು ಟೈರು. ಕ್ಯಾರವಾನಿನ ಟೈರು ಓಡಿ ಸವೆಯುವುದಿಲ್ಲ, ನಿಂತು ಮುದಿಯಾಗುತ್ತದೆ. ಗೆರೆಗಳು ಹೊಸದರಂತೆ ಆಳವಾಗಿದ್ದರೂ ರಬ್ಬರು ಒಳಗೊಳಗೇ ಬಿರಿದಿರುತ್ತದೆ. ಟೈರಿನ ಪಕ್ಕದಲ್ಲಿ ನಾಲ್ಕಂಕಿಯ ಒಂದು ಗುರುತಿದೆ. 2319 ಎಂದಿದ್ದರೆ 2019ನೆಯ ವರ್ಷದ 23ನೆಯ ವಾರದಲ್ಲಿ ತಯಾರಾದುದೆಂದು ಅರ್ಥ. ಐದು ವರ್ಷಗಳಾದ ಮೇಲೆ ಬದಲಾಯಿಸುವುದು ಒಳ್ಳೆಯದು, ಏಳು ವರ್ಷಗಳನ್ನು ಎಂದಿಗೂ ಮೀರಿಸಬಾರದು. ಎರಡನೆಯದು ಗ್ಯಾಸಿನ ರಬ್ಬರು ಕೊಳವೆ. ನಮ್ಮ ಅಡಿಗೆಮನೆಗಳ ಕಿತ್ತಳೆಬಣ್ಣದ ಕೊಳವೆಯ ಮೇಲೆ ಅವಧಿಯನ್ನು ಅಚ್ಚೊತ್ತಿರುವಂತೆ ಅಲ್ಲಿಯೂ ತಾರೀಖು ಇರುತ್ತದೆ. ಕೊಳವೆಯ ಬೆಲೆ ಒಂದು ಊಟದ ಬೆಲೆ.

ಮೂರನೆಯದು ಅತ್ಯಂತ ಘೋರವಾದುದು. ಚಳಿಯ ಸಂಜೆ ಹೊರಗೆ ಇದ್ದಲಿನ ಒಲೆಯ ಮೇಲೆ ಅಡಿಗೆ ಮಾಡಿ, ಉಳಿದ ಕೆಂಡದ ಕಾವು ವ್ಯರ್ಥವಾಗದಿರಲೆಂದು ಅದನ್ನು ಗಾಡಿಯ ಒಳಗೋ, ಪಕ್ಕಕ್ಕೆ ಕಟ್ಟಿದ ಬಟ್ಟೆಯ ಚಪ್ಪರದೊಳಗೋ ಎತ್ತಿಟ್ಟು ಮಲಗಿದವರು ಬೆಳಗ್ಗೆ ಏಳದೆ ಹೋದ ದುರ್ಘಟನೆಗಳು ಬ್ರಿಟನ್ನಿನಲ್ಲಿ ಒಂದೆರಡಲ್ಲ. ಆರುತ್ತಿರುವ ಕೆಂಡವು ಕಾರ್ಬನ್ ಮೊನಾಕ್ಸೈಡ್ ಎಂಬ ವಿಷವಾಯುವನ್ನು ಧಾರಾಳವಾಗಿ ಬಿಡುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನಿದ್ರಿಸುವವನಿಗೆ ಸುಳಿವೇ ಸಿಕ್ಕದು. ಮುಚ್ಚಿದ ಕೋಣೆಯಲ್ಲಿ ಅಗ್ಗಿಷ್ಟಿಕೆಯಿಟ್ಟು ಮಲಗಬಾರದೆಂದು ನಮ್ಮ ಹಿರಿಯರು ಗದರುತ್ತಿದ್ದುದು ಇದಕ್ಕಾಗಿಯೇ. ಗಾಡಿಯ ನೆಲದಲ್ಲಿಯೂ ಮಾಡಿನಲ್ಲಿಯೂ ಗಾಳಿಕಿಂಡಿಗಳನ್ನು ಬಿಟ್ಟಿರುತ್ತಾರೆ. ನೆಲದ ಕಿಂಡಿಯು ಸೋರಿದ ಗ್ಯಾಸು ಹೊರಕ್ಕೆ ಇಳಿದುಹೋಗಲೆಂದು ಇರುವುದು, ಏಕೆಂದರೆ ಆ ಗ್ಯಾಸು ಗಾಳಿಗಿಂತ ಭಾರ. ಚಳಿಯೆಂದು ಇವುಗಳಿಗೆ ಚಿಂದಿ ತುರುಕಬಾರದು. ಆ ವಾಯುವನ್ನು ಪತ್ತೆಹಚ್ಚಿ ಕೂಗುವ ಯಂತ್ರವೊಂದು ಮಲಗುವ ಎಡೆಯಲ್ಲಿ ಇರಲೇಬೇಕು.

ಉಳಿದ ಚಿಲ್ಲರೆ ಉಪಾಯಗಳು ಬೇಗ ಹೇಳಿ ಮುಗಿಸತಕ್ಕವು. ಕ್ಯಾರವಾನಿನ ಕಿಟಕಿಗಳು ಗಾಜಲ್ಲ, ಅಕ್ರಿಲಿಕ್. ಸ್ಪಿರಿಟಿನಿಂದ ಒರಸಿದರೆ ಜೇಡರಬಲೆಯಂತೆ ಸೀಳುತ್ತವೆ, ಸೋಪಿನ ನೀರೇ ಸಾಕು. ಕೆಟಲಿನ ಸುಣ್ಣದ ಪೊರೆಗೆ ಬಿಳಿಯ ವಿನೆಗರು ಅಂಗಡಿಯ ಮದ್ದಿನಷ್ಟೇ ಗುಣಕಾರಿ. ದೊಡ್ಡ ಬಟ್ಟೆಯ ಚಪ್ಪರವನ್ನು ಮೊದಲ ವರ್ಷವೇ ಕೊಳ್ಳಬೇಡಿ. ಎಷ್ಟೋ ಮಂದಿ ಎರಡು ಸಲ ಕಟ್ಟಿ ಬೇಸತ್ತು ಅರ್ಧ ಬೆಲೆಗೆ ಮಾರುತ್ತಾರೆ, ಆಗ ಕೊಳ್ಳಬಹುದು. ಬ್ರೇಕು ಮತ್ತು ಗ್ಯಾಸಿನ ಕೆಲಸವನ್ನು ಬಲ್ಲವರಿಗೇ ಬಿಟ್ಟು, ತೊಳೆಯುವುದು, ಬಸಿಯುವುದು, ಮೇಣ ಕೂರಿಸುವುದನ್ನು ತಾವೇ ಮಾಡಿಕೊಳ್ಳುವ ಗೃಹಸ್ಥನಿಗೆ ವರ್ಷದ ಖರ್ಚು ಬಹಳ ತಗ್ಗುತ್ತದೆ.

ನಮ್ಮ ನಾಡಿನ ಕಡೆ ಈ ವಿನೋದವು ಈಗತಾನೆ ಕಣ್ಣು ಬಿಡುತ್ತಿದೆ. ನೆರೆಯ ಕೇರಳವು 2021ರಲ್ಲಿ ಕ್ಯಾರವಾನು ಪ್ರವಾಸದ ಯೋಜನೆಯನ್ನು ಆರಂಭಿಸಿತು. ಇಲ್ಲಿ ಗಾಡಿಯನ್ನು ಚಾಲಕನೊಡನೆ ಬಾಡಿಗೆಗೆ ಪಡೆಯುವುದೇ ಹೆಚ್ಚಾದುದರಿಂದ ಪಾಲನೆಯ ಚಿಂತೆಯು ಪ್ರವಾಸಿಯದಲ್ಲ. ಯಾರಾದರೂ ಸ್ವಂತಕ್ಕೆ ಕಟ್ಟಿಸುವುದಾದರೆ ಆಗುಂಬೆಯ ಮಳೆಯು ಇಂಗ್ಲೆಂಡಿನ ಮಳೆಯಂತೆ ಮೇಣದ ಬಿರುಕನ್ನು ಹುಡುಕಿಕೊಂಡು ಬರಲು ವರ್ಷಗಟ್ಟಲೆ ಕಾಯುವುದಿಲ್ಲವೆಂಬುದನ್ನು ನೆನಪಿಡಲಿ.

ನಮ್ಮ ಮಿತ್ರರು ಗಾಡಿಯನ್ನು ಗುಜರಿಗೆ ಹಾಕಲಿಲ್ಲ. ಕಳೆದ ಚಳಿಗಾಲದ ಶನಿವಾರಗಳಲ್ಲೆಲ್ಲ ದಂಪತಿಗಳಿಬ್ಬರೂ ಸೇರಿ ಮುಂಭಾಗದ ಮೂಲೆಯನ್ನು ಬಿಚ್ಚಿ, ಕೊಳೆತ ಮರವನ್ನು ಕೆತ್ತಿ ತೆಗೆದು, ತಿಂಗಳೊಂದು ಒಣಗಲು ಬಿಟ್ಟು, ಹೊಸ ಪಟ್ಟಿಗಳನ್ನು ಜೋಡಿಸಿದ್ದಾರೆ. ಹಿರಿಯ ಮಗಳು ತೇವಮಾಪಕವನ್ನು ಹಿಡಿದು ನಕ್ಷೆಯ ಮೇಲೆ ಅಂಕಿಗಳನ್ನು ಬರೆಯುತ್ತಾಳಂತೆ. ಮೇಣವು ಕೂತಿದೆ, ಪಟ್ಟಿಯನ್ನು ಬಿಗಿದಾಗಿದೆ, ಈಗ ಒಂದು ಜಡಿಮಳೆಗಾಗಿ ಕಾಯುತ್ತಿದ್ದೇವೆಂದು ಹಿಂದಿನ ವಾರದ ಪತ್ರದಲ್ಲಿ ಬರೆದಿದ್ದಾರೆ.